ಎಂಟನೇ ಮಹಡಿಯವರೆಗೆ

ಅವಳಿಗೀಗ ಲಿಫ್ಟಿಗಿಂತ ಅಕ್ಕನದೇ ಹೆದರಿಕೆ. ಇದನ್ನು ಡಾಕ್ಟರು ಬರೆಯಲು ಹೇಳಿದ್ದ ಡೈರಿಯಲ್ಲೂ ಬರೆದಿರಲಿಲ್ಲ. ಎದೆ ಎಷ್ಟೇ ಡವಗುಟ್ಟಲಿ, ನಡುವೆ ಇಳಿಯಬೇಡಿ, ಭಯ ತಾನಾಗಿ ತಗ್ಗುತ್ತದೆ ಎಂದಿದ್ದರು ಡಾಕ್ಟರು. ನಾಳೆಯಿಂದ ಎಂಟನೇ ಮಹಡಿಯ ಆಫೀಸಿನಲ್ಲಿ ಕೆಲಸ. ಆದರೆ ಲಿಫ್ಟು ಹತ್ತುವ ಅಭ್ಯಾಸಕ್ಕೆ ಜೊತೆಗೆ ಬರುವ ಅಕ್ಕ ಕಳೆದ ಒಂಬತ್ತು ದಿನವೂ ಅವಳನ್ನು ಮೂರನೇ ಮಹಡಿಯಲ್ಲೇ ಇಳಿಸಿಕೊಂಡಿದ್ದಳು.

ಇವತ್ತೂ ಲಿಫ್ಟು ಎರಡು ದಾಟುವಷ್ಟರಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ಅಕ್ಕ ಆಗಲೇ ಮೂರರ ಗುಂಡಿ ಒತ್ತಿಯಾಗಿತ್ತು. ಬಾಗಿಲು ತೆರೆಯಿತು.

"ಇಳಿಯೇ, ಮುಖ ಸುಣ್ಣ ಬಳಿದ ಹಾಗಾಗಿದೆ. ಆ ಕೆಲಸ ನಿನ್ನ ಕೈಲಾಗಲ್ಲ ಬಿಡು, ನಾನಿಲ್ವಾ? 'ನೀನಿಲ್ದಿದ್ರೆ ಇವಳ ಗತಿಯೇನು' ಅಂತ ಚಿಕ್ಕಮ್ಮ ನಿನ್ನೆ ಎಲ್ಲರೆದುರು ನನ್ನ ಎಷ್ಟು ಹೊಗಳಿದ್ರು ಗೊತ್ತಾ!" ಅಕ್ಕ ನಗುತ್ತಾ ತೋಳು ಹಿಡಿದೆಳೆದಳು.

ಅವಳು ತೋಳು ಬಿಡಿಸಿಕೊಂಡು ಮೂಲೆಗೆ ಬೆನ್ನು ಕೊಟ್ಟು ನಿಂತಳು.

"ಅಕ್ಕಾ, ನಾನು ವಾಸಿಯಾಗೋದು ನಿನಗೆ ಬೇಕಾಗಿಲ್ಲ."