ಏಳನೇ ಪಾಠದ ಡಿಕ್ಟೇಷನ್

ಇನ್ಸ್‌ಪೆಕ್ಟರರು ಹೊಸ್ತಿಲು ದಾಟುವ ಮುಂಚೆಯೇ ವೆಂಕಟರಾಯಪ್ಪ ಮೇಷ್ಟ್ರು ಸಾಹೇಬರಿಗೆಂದು ಹಾಕಿದ್ದ ಕುರ್ಚಿಯನ್ನು ಕಿಟಕಿಯ ಎದುರಿಗೆ ಎಳೆದಿಟ್ಟರು. ಬೆಳಕು ನೇರವಾಗಿ ಸಾಹೇಬರ ಮುಖದ ಮೇಲೆ ಬೀಳಬೇಕು. ತುಟಿ ಕಾಣದಿದ್ದರೆ ಕೆಟ್ಟಂತೆಯೇ.

ಮೇಷ್ಟ್ರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎರಡು ವರ್ಷದ ಹಿಂದೆ, ನಲವತ್ತೊಂದನೇ ಇಸವಿಯಲ್ಲಿ, ವಿಷಮಶೀತ ಜ್ವರ ಬಂದು ಜೀವವೊಂದನ್ನು ಉಳಿಸಿ ಕಿವಿ ಎರಡನ್ನೂ ತೆಗೆದುಕೊಂಡು ಹೋಗಿತ್ತು. ಇದು ಗೊತ್ತಿದ್ದದ್ದು ಹೆಂಡತಿ ಗಂಗಲಕ್ಷ್ಮಮ್ಮನೊಬ್ಬಳಿಗೆ. ಆಕೆಯೇ ಒಲೆಯ ಮುಂದೆ ಕೂತು, ತುಟಿ ನೋಡಿ ಮಾತು ಹಿಡಿಯುವುದನ್ನು ಅಭ್ಯಾಸ ಮಾಡಿಸಿದ್ದಳು. ಗಂಡನ ದನಿ ಜೋರಾದರೆ ಅಂಗೈಯನ್ನು ಕೆಳಕ್ಕೆ ಮಾಡಿ ತೋರಿಸುತ್ತಿದ್ದಳು. ಪಿಂಚಣಿಗೆ ಇನ್ನು ಹದಿನಾಲ್ಕು ತಿಂಗಳು. ಅಷ್ಟರೊಳಗೆ ಇಲಾಖೆಗೆ ಸುಳಿವು ಹತ್ತಿದರೆ ಮನೆಗೆ ಕಳಿಸುತ್ತಾರೆ. ಆಮೇಲೆ ಈ ವಯಸ್ಸಿನಲ್ಲಿ ಕಿವುಡನಿಗೆ ಯಾರು ಕೆಲಸ ಕೊಡುತ್ತಾರೆ?

ಹೊಸಕೋಟೆ ಸೀಮೆಯ ಆ ಮಿಡ್ಲ್ ಸ್ಕೂಲಿಗೆ ಸಾಹೇಬರು ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಹೊಗೆ ಕುಡಿಯುತ್ತಾ ಬಂದದ್ದು ಸುಮ್ಮನೆ ಅಲ್ಲ. ಹೆಡ್‌ಮೇಷ್ಟ್ರು ಆದಿನಾರಾಯಣಪ್ಪನವರು ಬೆಳಿಗ್ಗೆಯೇ ಎಚ್ಚರಿಸಿದ್ದರು.

"ಯಾರೋ ಮೂಗರ್ಜಿ ಹಾಕವ್ರಂತೆ ಮೇಷ್ಟ್ರೇ, ಕೆಳಗೆ ಹೆಸರಿಲ್ಲ. ನಮ್ ಇಂಗ್ಲಿಷ್ ಪಾಠದ್ ಮೇಲಂತೆ. ಮಕ್ಳಿಗೆ ಓದೋಕ್ ಬರ್ತದಾ, ಕೇಳಿದ್ದು ತಿಳೀತದಾ, ಎರಡೂ ನೋಡ್ತಾರಂತೆ. ಹುಷಾರಪ್ಪಾ."

ಹೆಡ್‌ಮೇಷ್ಟ್ರು ಸದಾ ಎಲೆಅಡಿಕೆ ಜಗಿಯುತ್ತಲೇ ಮಾತಾಡುವವರು. ಅವರ ತುಟಿಯಿಂದ ಇಷ್ಟನ್ನು ಹೆಕ್ಕುವಷ್ಟರಲ್ಲಿ ಮೇಷ್ಟ್ರ ಅಂಗಿ ಬೆವರಿನಲ್ಲಿ ನೆನೆದಿತ್ತು.

ಓದುವ ಪರೀಕ್ಷೆ ಮೊದಲು ನಡೆಯಿತು. ಮುಂದಿನ ಬೆಂಚಿನ ಮುನಿತಾಯಮ್ಮ ಎದ್ದು ಇಂಗ್ಲಿಷ್ ರೀಡರಿನ ಏಳನೇ ಪಾಠ ಓದಿದಳು. ಒಬ್ಬ ದೋಣಿಯವನ ಕಥೆ. ಸಾಹೇಬರು ಅಲ್ಲಲ್ಲಿ ತಡೆದು ಅರ್ಥ ಕೇಳಿದರು. ಹುಡುಗಿ ತಡವರಿಸದೆ ಹೇಳಿದಳು. ಸಾಹೇಬರು ತಲೆಯಾಡಿಸಿದ್ದನ್ನು ಕಂಡ ಮೇಲೆ ಮೇಷ್ಟ್ರು ಉಸಿರು ಬಿಟ್ಟರು.

ಕಷ್ಟವಿದ್ದದ್ದು ಡಿಕ್ಟೇಷನ್ನಿನಲ್ಲಿ. ಅದಕ್ಕೊಂದು ಪದ್ಧತಿಯಿತ್ತು. ಸಾಹೇಬರು ವಾಕ್ಯವನ್ನು ಒಂದು ಸಲ ಓದುವುದು; ತರಗತಿಯ ಮೇಷ್ಟ್ರು ಅದನ್ನೇ ಹಿಂದಿನ ಬೆಂಚಿಗೂ ಮುಟ್ಟುವಂತೆ ಎರಡು ಸಲ ಹೇಳುವುದು.

"ತಮ್ಮ ದನೀನೇ ಸಾಕು ಸ್ವಾಮಿ, ನಂದ್ಯಾಕೆ?" ಎಂದು ಮೇಷ್ಟ್ರು ನಗುನಗುತ್ತಲೇ ಜಾರಿಕೊಳ್ಳಲು ನೋಡಿದರು.

"ಪದ್ಧತಿ ಬಿಡೋದ್ ಬೇಡ ಮೇಷ್ಟ್ರೇ. ನಾನು ಓದ್ತೀನಿ, ನೀವು ಕೇಳಿ ಹೇಳಿ. ಅದೇ ಏಳನೇ ಪಾಠ, ಅಲ್ಲೊಂದು ಇಲ್ಲೊಂದು ವಾಕ್ಯ. ಒಟ್ಟು ಎಂಟು."

ಏಳನೇ ಪಾಠ ಮೇಷ್ಟ್ರಿಗೆ ಹದಿನೆಂಟು ವರ್ಷದಿಂದ ಕಂಠಪಾಠ. ವಾಕ್ಯದ ಮೊದಲ ಎರಡು ಮಾತು ತುಟಿಯಲ್ಲಿ ಸಿಕ್ಕರೆ ಉಳಿದದ್ದು ತಾನಾಗಿ ನಾಲಿಗೆಗೆ ಬರುತ್ತಿತ್ತು. ಆದರೆ ಸಾಹೇಬರು ಕುರ್ಚಿಯಿಂದ ಎದ್ದು ನಿಂತು ಪುಸ್ತಕವನ್ನು ಮೂಗಿನ ಮಟ್ಟಕ್ಕೆ ಎತ್ತಿ ಹಿಡಿದರು. ತುಟಿ ಮರೆಯಾಯಿತು.

ಅಷ್ಟರಲ್ಲಿ ಮಕ್ಕಳ ಬಳಪಗಳು ಆಡತೊಡಗಿದವು. ಯುದ್ಧದಿಂದಾಗಿ ಕಾಗದಕ್ಕೆ ಬರ ಬಂದು ಎಲ್ಲರೂ ಸ್ಲೇಟು ಹಿಡಿದಿದ್ದರು. ಮೇಷ್ಟ್ರು ಎರಡು ಹೆಜ್ಜೆ ಮುಂದೆ ಹೋಗಿ, ಮುನಿತಾಯಮ್ಮನ ಸ್ಲೇಟಿನ ಮೇಲೆ ಕಣ್ಣು ಹಾಯಿಸಿದರು. ಮೂರು ಪದ ಮೂಡಿದ್ದವು. ಸಾಕಾಯಿತು. ಗಂಟಲು ಸರಿಮಾಡಿಕೊಂಡು ಇಡೀ ವಾಕ್ಯವನ್ನು ಎರಡು ಸಲ ಹೇಳಿದರು. ಎರಡನೆಯ ವಾಕ್ಯಕ್ಕೂ ಸ್ಲೇಟೇ ಗತಿಯಾಯಿತು. ತಲೆ ಎತ್ತಿದಾಗ ಪುಸ್ತಕದ ಮೇಲಿಂದ ಸಾಹೇಬರ ಕಣ್ಣು ಅವರನ್ನೇ ನೋಡುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮೇಷ್ಟ್ರು ಹಿಂದಕ್ಕೆ ಸರಿದು ನಿಂತರು. ಇನ್ನೊಂದು ಸಲ ಸ್ಲೇಟು ನೋಡುವ ಧೈರ್ಯ ಬರಲಿಲ್ಲ.

ಆಗ ಸಾಹೇಬರು ಪುಸ್ತಕವನ್ನು ಎದೆಯ ಮಟ್ಟಕ್ಕೆ ಇಳಿಸಿದರು.

ಘಾಟಿ ಸುಬ್ರಹ್ಮಣ್ಯಸ್ವಾಮಿ ಕಣ್ಣು ಬಿಟ್ಟ ಎಂದುಕೊಂಡರು ಮೇಷ್ಟ್ರು. ಕಿಟಕಿಯ ಬೆಳಕಿನಲ್ಲಿ ತುಟಿ ಅಂಗೈ ರೇಖೆಯ ಹಾಗೆ ಕಾಣುತ್ತಿತ್ತು. ಅದೂ ಸಾಹೇಬರು ಈಗ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಓದುತ್ತಿದ್ದರು. ಮೂರನೆಯ ವಾಕ್ಯ ಸಿಕ್ಕಿತು, ನಾಲ್ಕನೆಯದೂ ಸಿಕ್ಕಿತು. ಮೇಷ್ಟ್ರಿಗೆ ಹುರುಪೇರಿತು.

ಮಕ್ಕಳು ಮಾತ್ರ ಸಾಹೇಬರು ಓದುವಾಗ ಬರೆಯುವುದನ್ನು ಬಿಟ್ಟು, ಕತ್ತು ಮುಂದೆ ಚಾಚಿ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಮೇಲೆ ಎಲ್ಲರ ಕಣ್ಣೂ ಮೇಷ್ಟ್ರ ಕಡೆಗೆ ತಿರುಗುತ್ತಿತ್ತು. ಅವರು ಹೇಳಿದ ಮೇಲೆಯೇ ಬಳಪ ಆಡುತ್ತಿತ್ತು. ಸಾಹೇಬರ ಉಚ್ಚಾರಣೆ ಪಾಪ, ಹಳ್ಳಿಯ ಮಕ್ಕಳಿಗೆ ಹಿಡಿಯುತ್ತಿಲ್ಲ, ನನ್ನ ದನಿಗೇ ಕಾಯುತ್ತಿವೆ ಎಂದು ಮೇಷ್ಟ್ರ ಕರುಳು ಚುರುಕ್ಕೆಂದಿತು. ಬಾಗಿಲಲ್ಲಿ ನಿಂತಿದ್ದ ಹೆಡ್‌ಮೇಷ್ಟ್ರು ಜಗಿಯುವುದನ್ನೂ ಮರೆತು ಹಣೆ ಒರೆಸಿಕೊಂಡರು. ಸ್ಕೂಲಿನ ಮಾನದ ಪ್ರಶ್ನೆ, ಅವರಿಗೂ ಭಯವಿರಬೇಕು. ಮೇಷ್ಟ್ರು ದನಿಯನ್ನು ಹದವಾಗಿ ಹಿಡಿದು ಎಂಟನೆಯ ವಾಕ್ಯದವರೆಗೂ ಒಂದಕ್ಷರ ತಪ್ಪದೆ ಹೇಳಿ ಮುಗಿಸಿದರು.

ಸಾಹೇಬರು ಒಂದೊಂದೇ ಸ್ಲೇಟು ನೋಡಿದರು. ತಪ್ಪು ಹುಡುಕಿದರೂ ನಾಲ್ಕೈದಕ್ಕಿಂತ ಹೆಚ್ಚು ಸಿಗಲಿಲ್ಲ. ಆಮೇಲೆ ಮೇಷ್ಟ್ರನ್ನು ಕೈಸನ್ನೆ ಮಾಡಿ ಜಗಲಿಗೆ ಕರೆದರು.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಮೇಷ್ಟ್ರಿಗೆ ಆಗಲೇ ಮನೆಗೆ ಓಡಿಹೋಗಿ ಗಂಗಲಕ್ಷ್ಮಮ್ಮನಿಗೆ ಹೇಳಬೇಕು ಅನ್ನಿಸುತ್ತಿತ್ತು. ಹದಿನಾಲ್ಕು ತಿಂಗಳು ಇನ್ನೇನು ಮಹಾ, ಕಳೆದುಹೋಗುತ್ತದೆ.

ಸಾಹೇಬರು ಅವರ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಂಡರು.

"ಮಕ್ಕಳನ್ನ ಬಲು ಚೆನ್ನಾಗಿ ತಯಾರ್ ಮಾಡಿದೀರಿ. ಅವರ ಮೇಲೆ ಅರ್ಜಿ ಬಂದೇ ಇರ್ಲಿಲ್ಲ."

ಮೇಷ್ಟ್ರು ನಗುತ್ತಾ ಕೈಮುಗಿದರು. ಸಾಹೇಬರು ಮುಖವನ್ನು ಬೆಳಕಿಗೆ ಹಿಡಿದು, ತುಟಿ ಚೆನ್ನಾಗಿ ಕಾಣುವಂತೆ, ಒಂದೊಂದೇ ಪದ ಬಿಡಿಸಿ ಹೇಳಿದರು.

"ಪುಸ್ತಕ ಕೆಳಗಿಳಿಸಿದ ಮೇಲೆ ನಾನು ದನೀನೇ ತೆಗೀಲಿಲ್ಲ ಮೇಷ್ಟ್ರೇ, ಬರೀ ತುಟಿ ಆಡಿಸ್ದೆ."