ಬಂಡಿದಾರಿಗೆ ಅಡ್ಡ ಬೇಲಿ

ಬೆಳಗಿನಿಂದ ಅವನು ಜೀಪನ್ನು ಮುಂದಕ್ಕೆ ಓಡಿಸಿದ್ದಕ್ಕಿಂತ ಹಿಂದಕ್ಕೆ ತೆಗೆದದ್ದೇ ಹೆಚ್ಚು. ಕಲ್ಲುಮುಳ್ಳಿನ ಹಾದಿಯಲ್ಲಿ ಓಡಿಸಲೆಂದೇ ಕೊಂಡ ಜೀಪು. ಆದರೆ ಡಾಂಬರು ಬಿಟ್ಟು ಎಲ್ಲಿ ಇಳಿದರೂ ಒಂದು ಗೇಟು, ಗೇಟಿಗೊಂದು ಬೋರ್ಡು: ‘ಖಾಸಗಿ ಜಾಗ, ಪ್ರವೇಶವಿಲ್ಲ.’ ಭೂಮಿಯನ್ನೆಲ್ಲ ಇವರೇ ಬರೆಸಿಕೊಂಡರೆ ಉಳಿದವರು ಎಲ್ಲಿಗೆ ಹೋಗಬೇಕು ಎಂದು ಹಲ್ಲು ಕಡಿದ.

ಕೊನೆಗೆ ಗುಡ್ಡದ ಹಿಂದೆ ಹಳೆಯ ಬಂಡಿದಾರಿಯೊಂದು ಸಿಕ್ಕಿತು. ಸರ್ಕಾರದ ನಕಾಶೆಯಲ್ಲೂ ಇರುವ ದಾರಿ, ಯಾರೂ ತಡೆಯುವಂತಿಲ್ಲ. ಹುಮ್ಮಸ್ಸಿನಿಂದ ಕೊರಕಲು ಇಳಿಸಿ, ಹತ್ತಿಸಿ, ತಿರುವು ದಾಟಿದರೆ ದಾರಿಗೆ ಅಡ್ಡಲಾಗಿ ತಂತಿಬೇಲಿ!

ಪಕ್ಕದಲ್ಲಿ ಮುದುಕಿಯೊಬ್ಬಳು ಮೇಕೆ ಮೇಯಿಸುತ್ತಿದ್ದಳು.

“ಯಾರಜ್ಜಿ ಇದನ್ನ ಹಾಕಿದ್ದು?”

“ಯಾರೋ ಪ್ಯಾಟೆಯೋರಪ್ಪ. ಆ ಕಡೆ ಟಾರ್ ರೋಡ್ನಾಗೆ ಕಾರಲ್ ಬತ್ತಾರೆ, ಹೋಯ್ತಾರೆ. ಈ ಕಡೀಕೆ ತಲೆ ಹಾಕಿದ್ದೇ ಇಲ್ಲ. ನಾವೀಗ ಗುಡ್ಡ ಸುತ್ಕೊಂಡು ಹೋಯ್ತೀವಿ.”

“ನೀವೆಲ್ಲ ಸುಮ್ನಿದ್ರೆ ಇಂಥೋರು ತಲೆ ಮೇಲೆ ಕೂರ್ತಾರೆ.” ಜೀಪಿನಿಂದ ಕಟಿಂಗ್ ಪ್ಲೈಯರ್ ತಂದು ತಂತಿಗೆ ಹಾಕಿದ.

“ಬ್ಯಾಡ ಕಣಪ್ಪ! ಒಳಗೆ ನಾಯಿ ಐತೆ. ಯಜಮಾನ್ರನ್ನ ಬಿಟ್ರೆ ಯಾರ್ನೂ ಹತ್ರಕ್ಕೆ ಸೇರ್ಸಾಕಿಲ್ಲ.”

“ಬರ್ಲಿ ಬಿಡಿ. ನಾಯೀನೂ ಬರ್ಲಿ, ಅದರ ಯಜಮಾನನೂ ಬರ್ಲಿ!”

ಕೊನೆಯ ತಂತಿ ತುಂಡಾಗುವಷ್ಟರಲ್ಲಿ ನಾಯಿ ಬೊಗಳುತ್ತ ಪೊದೆ ಸೀಳಿಕೊಂಡು ನುಗ್ಗಿತು. ಮುದುಕಿ ಕೋಲೆತ್ತಿದಳು. ಅದು ಮುಂಗಾಲುಗಳನ್ನು ಅವನ ಎದೆಯ ಮೇಲಿಟ್ಟು, ಬಾಲ ಬಡಿಯುತ್ತ, ಮುಖ ನೆಕ್ಕತೊಡಗಿತು.