ಹದಿನಾರನೇ ನಂಬರು

ಎಂಟನೇ ತರಗತಿಯ ನಲವತ್ತು ಮಕ್ಕಳನ್ನೂ ಗಣಿತದ ಮಾಸ್ತರು ಹಾಜರಿ ನಂಬರಿನಿಂದಲೇ ಕರೆಯುತ್ತಿದ್ದರು. ಹೆಸರು, ಮುಖ ನೆನಪಿಟ್ಟುಕೊಳ್ಳುವ ಗೋಜಿಗೆ ಹೋದವರಲ್ಲ. ಸೋಮವಾರ ಸೀಮೆಸುಣ್ಣಕ್ಕೆಂದು ಜೇಬಿಗೆ ಕೈ ಹಾಕಿದಾಗ ಅರಿಶಿನ ಹಚ್ಚಿದ ನಾಲ್ಕು ಅಕ್ಕಿಕಾಳು ಬೆರಳಿಗಂಟಿದವು. ಹಿಂದಿನ ದಿನ ಶಾಲಾ ಸಮಿತಿಯ ಅಧ್ಯಕ್ಷರು ಕರೆದಿದ್ದ ಮದುವೆಯಲ್ಲಿ, ದೂರದಿಂದಲೇ ಕಾಳು ತೂರಿ ಮೊದಲ ಪಂಕ್ತಿಯ ಊಟಕ್ಕೆ ಓಡಿದ್ದರು. ಅವನ್ನು ಕೊಡವಿಕೊಂಡು ಪಾಠ ಶುರುಮಾಡಿದರು.

“ಯಾರ ನಂಬರಿನ ವರ್ಗಮೂಲ ಪೂರ್ಣಸಂಖ್ಯೆ ಬರ್ತದೋ ಅವರು ಏಳ್ರಿ. ಉಳಿದೋರದು ಅಭಾಗಲಬ್ಧ, ದಶಮಾಂಶ ಮುಗಿಯಂಗಿಲ್ಲ. ಸುಮ್ನ ಕುಂದರ್ರಿ.”

ಒಂದು, ನಾಲ್ಕು, ಒಂಬತ್ತು ಎದ್ದವು. ಇಪ್ಪತ್ತೈದು, ಮೂವತ್ತಾರೂ ಎದ್ದವು.

“ಹದಿನಾರರ ವರ್ಗಮೂಲ ಎಷ್ಟ್ರಲೇ?”

“ನಾಕು ಸರ್,” ಎಂದಿತು ಇಡೀ ತರಗತಿ.

“ಮತ್ತ ಹದಿನಾರು ಯಾಕ ಎದ್ದಿಲ್ಲ? ಕಿವಿ ಕೇಳಂಗಿಲ್ಲೇನು?”

ಯಾರೂ ನಗಲಿಲ್ಲ. ಹದಿನೇಳನೇ ನಂಬರಿನ ಹುಡುಗಿ ಪಕ್ಕದ ಖಾಲಿ ಜಾಗ ನೋಡಿಕೊಂಡು, ಮಗ್ಗಿ ಒಪ್ಪಿಸುವ ದನಿಯಲ್ಲಿ ಹೇಳಿದಳು: “ಆಕಿ ಇನ್ನ ಬರಂಗಿಲ್ರಿ ಸರ್. ಲಗ್ನ ಆತ್ರಿ.”

ಮಾಸ್ತರು ಎಸೆದ ಸೀಮೆಸುಣ್ಣ ಗೋಡೆಗೆ ಬಡಿದು ಚೂರಾಯಿತು.

“ಹದಿಮೂರು ವರ್ಷದ ಕೂಸಿಗೆ ಲಗ್ನ? ಇಷ್ಟು ಮಂದಿ ಇದ್ದೀರಿ, ಒಬ್ಬರಿಗಾದ್ರೂ ನನಗ ಹೇಳಬೇಕು ಅನಿಸಲಿಲ್ಲೇನು? ನಾನ ಬಂದು ನಿಲ್ಲಸ್ತಿದ್ದೆ!”

ಹುಡುಗಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ನೀವು ಬಂದಿದ್ರಲ್ರಿ ಸರ್. ನಿನ್ನೆ ಆಕಿ ತಲಿ ಮ್ಯಾಲ ನೀವೂ ಅಕ್ಕಿಕಾಳು ಹಾಕಿದ್ರಿ.”